ಡೈರೆಕ್ಟರಿ ಸರ್ವರ್‌ಗೆ ಪಾಸ್‌ವರ್ಡ್ ಪಾಲಿಸಿ: ಆಡಿಟರ್ ಕೇಳಿದ್ದು, ಸರ್ವರ್‌ಗೆ ಬೇಕಾದದ್ದು

ಪ್ರಶ್ನೆ: ಮೈಸೂರಿನ ಕೂರ್ಗಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ಸುಮಾರು 1,200 ಖಾತೆಗಳಿವೆ. ಎಲ್ಲರ ಖಾತೆ, ಪಾಸ್‌ವರ್ಡ್ ಇಟ್ಟುಕೊಳ್ಳುವ ಡೈರೆಕ್ಟರಿ ಸರ್ವರ್ ಓಪನ್‌ಎಲ್‌ಡ್ಯಾಪ್ 2.5. ಮೇಲ್, ಇಆರ್‌ಪಿ, ವೈಫೈ, ವಿಪಿಎನ್, ಹಾಜರಾತಿ ಪೋರ್ಟಲ್ ಎಲ್ಲವೂ ಅದರ ಪಾಸ್‌ವರ್ಡ್ ಮೇಲೇ ನಡೆಯುತ್ತವೆ. ಮಂಡ್ಯದ ಗೋದಾಮಿನಲ್ಲಿ ಒಂದು ನಕಲು ಸರ್ವರ್ ಇದೆ. ಇದುವರೆಗೆ ಪಾಸ್‌ವರ್ಡ್ ಪಾಲಿಸಿ ಅಂತ ಏನೂ ಇರಲಿಲ್ಲ. ಈಗ ಆಡಿಟರ್ ಬಂದು "ಕನಿಷ್ಠ 8 ಅಕ್ಷರ, ಅದರಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆ ಇರಬೇಕು. 45 ದಿನಕ್ಕೊಮ್ಮೆ ಬದಲಿಸಬೇಕು. 3 ಸಲ ತಪ್ಪಿದರೆ ಲಾಕ್ ಆಗಬೇಕು" ಎಂದು ಬರೆದುಕೊಟ್ಟಿದ್ದಾರೆ. ಹಾಗೇ ಹಾಕಿಬಿಡಲೇ? ಮೂರು ಪಾಳಿಯಲ್ಲಿ ಕೆಲಸ ಮಾಡುವ ಶಾಪ್ ಫ್ಲೋರ್ ಜನಕ್ಕೂ ಇದೇ ನಿಯಮವೇ? ನೋಟಿಸನ್ನು ಕನ್ನಡದಲ್ಲೂ ಹಾಕಬೇಕೇ?

ಉತ್ತರ: ಹಾಗೇ ಹಾಕಬೇಡಿ. ಆಡಿಟರ್ ಬರೆದುಕೊಟ್ಟ ಮೂರು ನಿಯಮಗಳಲ್ಲಿ ಎರಡು ಈಗ ಬಳಕೆ ತಪ್ಪಿದಂಥವು. ಮೂರನೆಯದು ನಿಮ್ಮ ಕಾರ್ಖಾನೆಯನ್ನೇ ನಿಲ್ಲಿಸಬಲ್ಲದು. ಆದರೆ ಅವರ ಜೊತೆ ಜಗಳಕ್ಕೆ ನಿಲ್ಲುವ ಅಗತ್ಯವಿಲ್ಲ. ಅವರಿಗೆ ಬೇಕಿರುವುದು ಬರಹದಲ್ಲಿರುವ ಒಂದು ಪಾಲಿಸಿ, ಅದರ ಹಿಂದೆ ಒಂದು ಕಾರಣ. ಅದನ್ನು ಕೊಡೋಣ.

ಮೊದಲು ಈ ನಿಯಮಗಳು ಎಲ್ಲಿಂದ ಬಂದವು ಎಂದು ಹೇಳುತ್ತೇನೆ, ಆಡಿಟರ್ ಮುಂದೆ ಕೂತಾಗ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಿಲ್ ಬರ್ 2003ರಲ್ಲಿ ಬರೆದ ಮಾರ್ಗಸೂಚಿಯಿಂದ 'ದೊಡ್ಡಕ್ಷರ, ಅಂಕಿ, ಚಿಹ್ನೆ, ಆಗಾಗ ಬದಲಾವಣೆ' ಎಂಬುದು ಎಲ್ಲ ಕಡೆ ಹರಡಿತು. ಆಗ ಅವರ ಕೈಯಲ್ಲಿ ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡುತ್ತಾರೆ ಎಂಬ ಮಾಹಿತಿಯೇ ಹೆಚ್ಚು ಇರಲಿಲ್ಲ. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿ ಹೊರಬಂದಾಗ ಚಿತ್ರ ಗೊತ್ತಾಯಿತು. ಪಟ್ಟಿಯಲ್ಲಿ ಮೊದಲನೆಯದು 123456. ಮರುವರ್ಷ, 2010ರಲ್ಲಿ, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮಲ್ಲೇ ಅವಧಿ ಮುಗಿದಿದ್ದ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿದರು. ಹಳೆಯದು ಗೊತ್ತಿದ್ದರೆ, 41 ಶೇಕಡಾ ಹೊಸ ಪಾಸ್‌ವರ್ಡ್‌ಗಳನ್ನು ಕೆಲವೇ ಸೆಕೆಂಡಿನಲ್ಲಿ ಲೆಕ್ಕ ಹಾಕಿ ಹಿಡಿಯಬಹುದಿತ್ತು. ಅಂದರೆ ಜನ ಕೊನೆಯ ಅಂಕಿಯನ್ನು 1ರಿಂದ 2 ಮಾಡುತ್ತಾರೆ, ಅಷ್ಟೇ.

2017ರಲ್ಲಿ ನಿಸ್ಟ್ ತಾನೇ ಹಿಂದೆ ಸರಿಯಿತು. ಚಿಹ್ನೆ-ಅಂಕಿ ಬಲವಂತ ಬೇಡ, ದಿನ ಲೆಕ್ಕ ಹಾಕಿ ಬದಲಿಸುವುದೂ ಬೇಡ ಎಂದಿತು. ಅದೇ ವರ್ಷ ಬರ್ ಕೂಡ ಪತ್ರಿಕೆಯೊಂದಕ್ಕೆ ತಮ್ಮ ಹಳೆಯ ಸಲಹೆಯ ಬಗ್ಗೆ ಪಶ್ಚಾತ್ತಾಪ ಹೇಳಿಕೊಂಡರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಭದ್ರತಾ ಶಿಫಾರಸಿನಿಂದ ಅವಧಿ ನಿಯಮವನ್ನು ತೆಗೆದುಹಾಕಿತು. 2025ರಲ್ಲಿ ಬಂದ ನಿಸ್ಟ್‌ನ ನಾಲ್ಕನೇ ಪರಿಷ್ಕರಣೆ ಇನ್ನೂ ಗಟ್ಟಿಯಾಗಿ ಹೇಳುತ್ತದೆ: ಪಾಸ್‌ವರ್ಡ್ ಒಂದೇ ಕಾವಲು ಆಗಿದ್ದರೆ ಕನಿಷ್ಠ 15 ಅಕ್ಷರ, ಎರಡನೇ ಅಂಶವೂ (ಒಟಿಪಿಯಂಥ ಇನ್ನೊಂದು ಗುರುತು) ಇದ್ದರೆ 8 ಸಾಕು. ಸುಲಭದ, ಸೋರಿದ ಪಾಸ್‌ವರ್ಡ್‌ಗಳನ್ನು ಪಟ್ಟಿ ಇಟ್ಟುಕೊಂಡು ತಿರಸ್ಕರಿಸಿ. ಕದ್ದ ಸುಳಿವು ಸಿಕ್ಕರೆ ಮಾತ್ರ ಬದಲಾಯಿಸಿಸಿ.

ಇದೆಲ್ಲ ಅಮೆರಿಕದ್ದು, ನಮಗೇನು ಅಂತ ಆಡಿಟರ್ ಕೇಳಬಹುದು. ಕೇಳಲಿ. ಅವರು ಸಾಮಾನ್ಯವಾಗಿ ಹಿಡಿದುಕೊಂಡು ಬರುವ ಮಾಹಿತಿ ಭದ್ರತೆಯ ಮಾನಕ ಐಎಸ್‌ಒ 27001 ಇಷ್ಟೇ ದಿನಕ್ಕೆ ಬದಲಿಸಿ ಎಂದು ಎಲ್ಲೂ ಅಂಕಿ ಹೇಳುವುದಿಲ್ಲ. ಕಾರ್ಡ್ ಪಾವತಿಯ ಪಿಸಿಐ ನಿಯಮದಲ್ಲಿ 90 ದಿನ ಎಂಬುದು ಇದೆ ನಿಜ, ಅದೂ ಪಾಸ್‌ವರ್ಡ್ ಬಿಟ್ಟರೆ ಬೇರೆ ಅಂಶ ಇಲ್ಲದ ಕಡೆ. ನೀವು ಕಾರ್ಡ್ ವಹಿವಾಟು ಮಾಡುವವರಲ್ಲ. ಹಾಗಾಗಿ '45 ದಿನ ಯಾವ ಮಾನಕದಲ್ಲಿದೆ, ದಯವಿಟ್ಟು ಕಲಂ ತೋರಿಸಿ' ಎಂದು ಮೇಲ್ ಹಾಕಿ. ವಿನಯವಾಗಿಯೇ ಹಾಕಿ.

ಈಗ ಅವರ ಮೊದಲ ನಿಯಮವನ್ನು ನಿಮ್ಮೂರಿನಲ್ಲೇ ಪರೀಕ್ಷೆ ಮಾಡೋಣ. 'ಮೈಸೂರು@123' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಹತ್ತು ಅಕ್ಷರ, ಮೊದಲನೆಯದು ದೊಡ್ಡದು, ಅಂಕಿ ಇದೆ, ಚಿಹ್ನೆ ಇದೆ. ಆಡಿಟರ್ ನಿಯಮಕ್ಕೆ ನೂರಕ್ಕೆ ನೂರು ಪಾಸು. 'ಚಾಮುಂಡಿ@570001' ಕೂಡ ಪಾಸು. 'ದಸರಾ@2025' ಪಾಸು. ಮಂಡ್ಯದ ಗೋದಾಮಿನಲ್ಲಿ 'ಮಂಡ್ಯ@571401' ಇದ್ದೇ ಇರುತ್ತದೆ, ನೋಡಿ ಬೇಕಾದರೆ. ನಮ್ಮ ಕಡೆ ಕಂಪನಿಗಳ ಮೇಲೆ ಕಣ್ಣಿಟ್ಟವನಿಗೆ ಇದಕ್ಕಿಂತ ಜಾಸ್ತಿ ತಲೆ ಬೇಕಿಲ್ಲ. ಊರಿನ ಹೆಸರು, ದೇವರ ಹೆಸರು, ಕಂಪನಿ ಹೆಸರು, ಪಿನ್‌ಕೋಡ್, ಕೆಎ 09, 0821, ಈ ವರ್ಷ. ಇವನ್ನು ಅಡ್ಡಡ್ಡ ಜೋಡಿಸಿದರೆ ಕೆಲವು ಸಾವಿರ ಪಾಸ್‌ವರ್ಡ್ ಆಗುತ್ತವೆ. ಅದರಲ್ಲಿ ನಿಮ್ಮ 1,200 ಜನರಲ್ಲಿ ಎಷ್ಟು ಜನ ಸಿಗುತ್ತಾರೆ ಅಂತ ನೀವೇ ಊಹೆ ಮಾಡಿ.

ಆದ್ದರಿಂದ ಪಾಲಿಸಿಯ ಮುಖ್ಯ ಕೆಲಸ ಎರಡು: ಉದ್ದ, ಮತ್ತು ನಿಷೇಧ ಪಟ್ಟಿ. ಇವೆರಡನ್ನೂ ನೋಡಿಕೊಳ್ಳುವುದು ಸರ್ವರ್. ಜನರ ತಲೆಗೆ ಹೊರೆ ಕಡಿಮೆ. ನನ್ನ ಇಡೀ ಉತ್ತರದ ತಿರುಳು ಇದೇ: ಎಷ್ಟು ಸಾಧ್ಯವೋ ಅಷ್ಟು ಭಾರವನ್ನು ಸರ್ವರ್ ಮೇಲೆ ಹಾಕಿ.

ಉದ್ದ 15 ಇಡಿ. ಮೇಲಿನ ಮಿತಿ 64ಕ್ಕಿಂತ ಕಡಿಮೆ ಇರದಿರಲಿ, ಖಾಲಿ ಜಾಗಕ್ಕೂ ಅವಕಾಶ ಇರಲಿ. 15 ಅಂದ ತಕ್ಷಣ ಜನ ಬೆಚ್ಚಿಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸಾಕು ಅಂತ ಹೇಳಿಕೊಡಿ. 'ಸೌತೆ ಕೊಡೆ ಹಂಚು ಬುಗುರಿ' ಎಂಬಂತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 15 ಆರಾಮವಾಗಿ ದಾಟುತ್ತದೆ. ಪದಗಳನ್ನು ಮನಸ್ಸಿನಿಂದ ಆರಿಸಬಾರದು, ಪುಸ್ತಕ ತೆಗೆದು ಕಣ್ಣುಮುಚ್ಚಿ ಬೆರಳಿಟ್ಟು ಆರಿಸಲಿ. ಗಾದೆ, ಹಾಡಿನ ಸಾಲು, ಸಿನಿಮಾ ಡೈಲಾಗ್ ಬೇಡ. ಈ ಉದಾಹರಣೆಯನ್ನೂ ನಿಷೇಧ ಪಟ್ಟಿಗೆ ಸೇರಿಸಿಬಿಡಿ. ನೋಟಿಸಿನಲ್ಲಿ ಏನು ಉದಾಹರಣೆ ಕೊಡುತ್ತೀರೋ ಅದನ್ನೇ ಒಂದಷ್ಟು ಜನ ಪಾಸ್‌ವರ್ಡ್ ಮಾಡಿಕೊಳ್ಳುತ್ತಾರೆ.

ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡಬಹುದಾ ಅಂತ ಕೆಲವರು ಕೇಳುತ್ತಾರೆ. ಆಸೆ ಒಳ್ಳೆಯದೇ, ಸದ್ಯಕ್ಕೆ ಬೇಡ. ಡೈರೆಕ್ಟರಿ ಪಾಸ್‌ವರ್ಡನ್ನು ಅಕ್ಷರ ಅಂತ ನೋಡುವುದಿಲ್ಲ, ಬೈಟುಗಳ ಸಾಲು ಅಂತ ನೋಡುತ್ತದೆ. ಯೂನಿಕೋಡ್‌ನಲ್ಲಿ 'ಕೋ' ಎಂಬುದನ್ನು ಒಂದೇ ಓತ್ವ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟು ಬೇರೆ. ಆಫೀಸಿನ ಕಂಪ್ಯೂಟರಿನಲ್ಲಿ ಇಟ್ಟ ಪಾಸ್‌ವರ್ಡ್ ಮನೆಯ ಮೊಬೈಲಿನಲ್ಲಿ ತಪ್ಪು ಅನ್ನಬಹುದು. ಅದೂ ಅಲ್ಲದೆ ಒಂದೊಂದು ಕನ್ನಡ ಅಕ್ಷರಚಿಹ್ನೆಗೂ ಮೂರು ಬೈಟು. ಬೈಟು ಎಣಿಸುವ ಕಡೆ 15ರ ನಿಯಮವನ್ನು ಐದೇ ಚಿಹ್ನೆ ದಾಟಿಬಿಡುತ್ತವೆ.

ನಿಷೇಧ ಪಟ್ಟಿಗೆ ಎರಡು ಭಾಗ. ಒಂದು ಜಗತ್ತಿನದು, ಈಗಾಗಲೇ ಸೋರಿದ ಪಾಸ್‌ವರ್ಡ್‌ಗಳು. ಟ್ರಾಯ್ ಹಂಟ್ ನಡೆಸುವ 'ಪೌನ್ಡ್ ಪಾಸ್‌ವರ್ಡ್ಸ್' ಸೇವೆಯನ್ನು ಕೇಳಬಹುದು. ಪಾಸ್‌ವರ್ಡನ್ನೇ ಅಲ್ಲಿಗೆ ಕಳಿಸಬೇಕಿಲ್ಲ, ಅದರ ಹ್ಯಾಶ್‌ನ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ತೆಗೆದ, ಹಿಂದಕ್ಕೆ ತಿರುಗಿಸಲಾಗದ ಗುರುತು) ಮೊದಲ ಐದು ಅಕ್ಷರ ಕಳಿಸಿದರೆ ಸಾಕು. ಉಳಿದ ಹೋಲಿಕೆ ನಿಮ್ಮಲ್ಲೇ ಆಗುತ್ತದೆ. ಹೊರಗಿನ ಸಂಪರ್ಕವೇ ಬೇಡ ಎಂದರೆ ಇಡೀ ಪಟ್ಟಿಯನ್ನು ಇಳಿಸಿಕೊಳ್ಳಬಹುದು. ಇನ್ನೊಂದು ಭಾಗ ಊರಿನದು, ಅದನ್ನು ನೀವೇ ಬರೆಯಬೇಕು. ಮೈಸೂರು ಎಂಬುದರ ಹಳೆ ಹೊಸ ಎರಡೂ ಸ್ಪೆಲ್ಲಿಂಗ್, ಚಾಮುಂಡಿ, ದಸರಾ, ಕಾವೇರಿ, ಕೂರ್ಗಳ್ಳಿ, ಹೆಬ್ಬಾಳ, ನಿಮ್ಮ ಕಂಪನಿ, ನಿಮ್ಮ ಉತ್ಪನ್ನಗಳು, ಮೆಚ್ಚಿನ ನಟರ ಹೆಸರುಗಳು, ಪಿನ್‌ಕೋಡ್, ಎಸ್‌ಟಿಡಿ ಕೋಡ್. 'ಎ' ಬದಲು '@', 'ಒ' ಬದಲು ಸೊನ್ನೆ ಹಾಕಿದರೂ ಹಿಡಿಯುವಂತೆ ಇರಲಿ. ಜೊತೆಗೆ ಆ ವ್ಯಕ್ತಿಯ ಹೆಸರು, ಉದ್ಯೋಗಿ ಸಂಖ್ಯೆ, ಮೊಬೈಲ್ ನಂಬರು. ಇಂಥ ಪದ ಪಾಸ್‌ವರ್ಡಿನ ಒಂದು ಭಾಗವಾಗಿದ್ದರೆ ತಪ್ಪಿಲ್ಲ, ಅದನ್ನು ತೆಗೆದ ಮೇಲೆ ಉಳಿಯುವುದು ಚಿಕ್ಕದಾಗಿದ್ದರೆ ತಿರಸ್ಕರಿಸಿ. ಇಲ್ಲದಿದ್ದರೆ ಜನಕ್ಕೆ ಯಾಕೆ ಬೇಡ ಅಂತು ಅಂತಲೇ ಅರ್ಥವಾಗುವುದಿಲ್ಲ.

ಇದನ್ನು ಜಾರಿ ಮಾಡುವಾಗ ಓಪನ್‌ಎಲ್‌ಡ್ಯಾಪ್‌ನ ಎರಡು ಕಿಂಡಿಗಳನ್ನು ಮುಚ್ಚಿ. ಪಾಸ್‌ವರ್ಡ್ ನಿಯಮ ನೋಡಿಕೊಳ್ಳುವ ಅದರ ಭಾಗವಾದ ಪಿಪಾಲಿಸಿ ಓವರ್‌ಲೇಯಲ್ಲಿ ಗುಣಮಟ್ಟ ಪರೀಕ್ಷೆಗೆ 0, 1, 2 ಎಂಬ ಮೂರು ಹಂತ ಇವೆ. 1 ಇಟ್ಟರೆ, ಮೊದಲೇ ಹ್ಯಾಶ್ ಆಗಿ ಬಂದ ಪಾಸ್‌ವರ್ಡನ್ನು ಸರ್ವರ್ ಪರೀಕ್ಷಿಸಲಾಗದೆ ಸುಮ್ನೆ ಒಪ್ಪಿಕೊಳ್ಳುತ್ತದೆ. ಹಳೆಯ ಎಚ್‌ಆರ್ ಸ್ಕ್ರಿಪ್ಟ್‌ಗಳು ಹೀಗೇ ಹ್ಯಾಶ್ ಮಾಡಿ ತುಂಬುತ್ತವೆ. 2 ಇಡಿ. ಎರಡನೆಯ ಕಿಂಡಿ ಇನ್ನೂ ದೊಡ್ಡದು. ರೂಟ್ ಡಿಎನ್‌ಗೆ, ಅಂದರೆ ಸರ್ವರಿನ ಸರ್ವಾಧಿಕಾರದ ಖಾತೆಗೆ, ಪಾಲಿಸಿ ಅನ್ವಯಿಸುವುದೇ ಇಲ್ಲ. ನಿಮ್ಮ 'ಪಾಸ್‌ವರ್ಡ್ ಮರೆತಿರಾ' ಪುಟ ಒಳಗಿಂದ ರೂಟ್ ಡಿಎನ್ ಬಳಸುತ್ತಿದ್ದರೆ, ನೀವು ಬರೆದ ಪಾಲಿಸಿ ಅಷ್ಟೂ ಆ ಪುಟದಲ್ಲಿ ಶೂನ್ಯ. ಬೇರೆ ಖಾತೆ ಮಾಡಿ, ಪಾಸ್‌ವರ್ಡ್ ಬರೆಯುವ ಹಕ್ಕು ಮಾತ್ರ ಕೊಡಿ. 389 ಡೈರೆಕ್ಟರಿ ಸರ್ವರ್ ಬಳಸುವವರಿಗೂ ಇದೇ ಮಾತು, ಅಲ್ಲಿ ಡೈರೆಕ್ಟರಿ ಮ್ಯಾನೇಜರ್ ಎಂಬ ಹೆಸರು.

ಇನ್ನು ಅವಧಿ. ಸೊನ್ನೆ ಇಡಿ, ಅಂದರೆ ಮುಗಿಯುವುದೇ ಇಲ್ಲ. 45 ದಿನ ಇಟ್ಟರೆ ವರ್ಷಕ್ಕೆ ಎಂಟು ಸಲ 1,200 ಜನ ಬದಲಿಸಬೇಕು. ದಸರಾ ರಜೆ ಮುಗಿಸಿ ಬಂದ ದಿನ ಹೆಲ್ಪ್‌ಡೆಸ್ಕ್ ಫೋನು ಕೆಳಗಿಡುವ ಹಾಗಿರುವುದಿಲ್ಲ. ರಾತ್ರಿ ಪಾಳಿಯಲ್ಲಿ ಹೆಲ್ಪ್‌ಡೆಸ್ಕೇ ಇರುವುದಿಲ್ಲ, ಆಗ ಜನ ಪಕ್ಕದವರ ಪಾಸ್‌ವರ್ಡ್ ಕೇಳಿ ಕೆಲಸ ಮುಗಿಸುತ್ತಾರೆ. ಅಲ್ಲಿಗೆ ಪಾಲಿಸಿಯ ಕಥೆ ಮುಗಿಯಿತು. ಆಡಿಟರ್ ಒಪ್ಪಲೇ ಇಲ್ಲ, ಮೇಲಿನವರೂ ಅವರ ಪರ ಎಂದಾದರೆ 365 ದಿನಕ್ಕೆ ಚೌಕಾಸಿ ಮಾಡಿ. ಹಾಗೆ ಮಾಡುವುದಾದರೆ ಒಂದೇ ದಿನ ಆನ್ ಮಾಡಬೇಡಿ. ಬದಲಿಸಿದ ದಿನಾಂಕ ಸರ್ವರಿನಲ್ಲಿ ದಾಖಲಾಗಿ ವರ್ಷ ದಾಟಿದ ಪಾಸ್‌ವರ್ಡ್‌ಗಳೆಲ್ಲ ಆ ಕ್ಷಣವೇ ಅವಧಿ ಮುಗಿದವಾಗುತ್ತವೆ. ಪಾಲಿಸಿ ಬರುವ ಮೊದಲು ಇಟ್ಟವಕ್ಕೆ ಆ ದಿನಾಂಕವೇ ಇರುವುದಿಲ್ಲ, ಅವು ಮುಗಿಯುವುದೂ ಇಲ್ಲ.

ಅವಧಿ ಮುಗಿದಾಗ ಏನಾಗುತ್ತದೆ ಎಂಬುದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಸರ್ವರ್ ಬಹಳ ಸೂಕ್ಷ್ಮವಾಗಿ 'ಇನ್ನು ಏಳು ದಿನ ಇದೆ', 'ಅವಧಿ ಮುಗಿದಿದೆ', 'ಈಗಲೇ ಬದಲಿಸು' ಎಂಬ ಉತ್ತರಗಳನ್ನು ಕೊಡಬಲ್ಲದು. ಕೇಳುವ ಅಪ್ಲಿಕೇಶನ್‌ಗೆ ಆ ಭಾಷೆ ಗೊತ್ತಿರಬೇಕಲ್ಲ? ಮೇಲ್ ಸರ್ವರ್, ವೈಫೈ, ಹಾಜರಾತಿ ಪೋರ್ಟಲ್ ಬರೀ ಬೈಂಡ್ ಮಾಡಿ, ಅಂದರೆ ಹೆಸರು-ಪಾಸ್‌ವರ್ಡ್ ಕೊಟ್ಟು ಸರಿಯೇ ಎಂದು ಡೈರೆಕ್ಟರಿಯನ್ನು ಕೇಳಿ, ಹೌದು ಅಥವಾ ಇಲ್ಲ ನೋಡುತ್ತವೆ. ಅವಧಿ ಮುಗಿದರೆ ಬಳಕೆದಾರನಿಗೆ ಕಾಣುವುದು 'ಪಾಸ್‌ವರ್ಡ್ ತಪ್ಪು' ಅಷ್ಟೇ. ಅವನು ಅದನ್ನೇ ಮತ್ತೆ ಮತ್ತೆ ಹೊಡೆಯುತ್ತಾನೆ. ಅವಧಿ ಮುಗಿದ ಮೇಲೂ ನಾಲ್ಕೈದು ಸಲ ಒಳಗೆ ಬಿಡುವ ಗ್ರೇಸ್ ಸೌಲಭ್ಯ ಇದೆ, ಆದರೆ ಜೇಬಿನಲ್ಲಿರುವ ಮೊಬೈಲಿನ ಮೇಲ್ ಆ್ಯಪ್ ಹತ್ತು ನಿಮಿಷದಲ್ಲಿ ಅವನ್ನೆಲ್ಲ ತಿಂದು ಮುಗಿಸುತ್ತದೆ.

'ಮೊದಲ ಲಾಗಿನ್‌ನಲ್ಲೇ ಬದಲಿಸಬೇಕು' ಎಂಬ ಸೆಟ್ಟಿಂಗ್ ಇದಕ್ಕಿಂತ ವಿಚಿತ್ರ. ಹೆಲ್ಪ್‌ಡೆಸ್ಕ್ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟಾಗ ಬೈಂಡ್ ಯಶಸ್ವಿಯಾಗುತ್ತದೆ. ಆಮೇಲೆ ಪಾಸ್‌ವರ್ಡ್ ಬದಲಿಸುವುದನ್ನು ಬಿಟ್ಟು ಬೇರೇನೂ ಮಾಡಲು ಸರ್ವರ್ ಬಿಡುವುದಿಲ್ಲ. ಸರಿ. ಆದರೆ ಬರೀ ಬೈಂಡ್ ಮಾಡಿ ನೋಡುವ ಅಪ್ಲಿಕೇಶನ್‌ಗೆ ಆ 'ಆಮೇಲೆ' ಎಂಬುದೇ ಇಲ್ಲ. ಒಳಗೆ ಬಿಟ್ಟುಬಿಡುತ್ತದೆ. ತಾತ್ಕಾಲಿಕ ಪಾಸ್‌ವರ್ಡಿನಲ್ಲೇ ಜನ ವರ್ಷಗಟ್ಟಲೆ ಮೇಲ್ ನೋಡುತ್ತಿರುತ್ತಾರೆ. ಅದಕ್ಕೇ ಪಾಲಿಸಿ ಬರೆಯುವ ಮೊದಲು ಒಂದು ಟೆಸ್ಟ್ ಖಾತೆ ಮಾಡಿ. ಅದನ್ನು ಅವಧಿ ಮುಗಿದ ಸ್ಥಿತಿ, ರೀಸೆಟ್ ಸ್ಥಿತಿ, ಲಾಕ್ ಸ್ಥಿತಿ ಮೂರಕ್ಕೂ ತಂದು, ನಿಮ್ಮ ಐದೂ ಅಪ್ಲಿಕೇಶನ್‌ಗಳಿಗೆ ಲಾಗಿನ್ ಆಗಿ ನೋಡಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಪಾಲಿಸಿ ತಯಾರಿಯಲ್ಲಿ ನನಗೆ ಇದಕ್ಕಿಂತ ಉಪಯುಕ್ತವಾದ ಕೆಲಸ ಗೊತ್ತಿಲ್ಲ. ರೀಸೆಟ್‌ಗೆ ತಾತ್ಕಾಲಿಕ ಪಾಸ್‌ವರ್ಡ್ ಕೊಡುವ ಬದಲು, ಸ್ವಯಂಸೇವಾ ಪುಟದ ಒಂದು ಸಲದ ಕೊಂಡಿ ಕೊಡುವುದು ಮೇಲು.

ಈಗ ಲಾಕ್ ವಿಷಯ. 3 ಸಲಕ್ಕೆ ಲಾಕ್ ಎಂಬುದನ್ನು ಕಳ್ಳನ ಕಡೆಯಿಂದ ನೋಡಿ. ಉದ್ಯೋಗಿ ಸಂಖ್ಯೆ 1001ರಿಂದ ಸಾಲಾಗಿ ಇವೆ ಎಂದಿಟ್ಟುಕೊಳ್ಳಿ. ಯಾರೋ ಒಬ್ಬ, ಕೆಲಸ ಬಿಟ್ಟು ಹೋದ ಸಿಟ್ಟಿನವನೇ ಇರಬಹುದು, ಮೇಲ್ ಪುಟಕ್ಕೆ 3,600 ತಪ್ಪು ಪಾಸ್‌ವರ್ಡ್ ಕಳಿಸುತ್ತಾನೆ. ಕೆಲವೇ ನಿಮಿಷದ ಕೆಲಸ. ನಿಮ್ಮ 1,200 ಖಾತೆಯೂ ಲಾಕ್. ಇಆರ್‌ಪಿ ನಿಂತಿತು, ಲೋಡ್ ಆದ ಲಾರಿ ಗೇಟಿನಲ್ಲಿ ನಿಂತಿತು. ಅವನು ಒಂದು ಪಾಸ್‌ವರ್ಡನ್ನೂ ಕದಿಯಲಿಲ್ಲ! ಪಾಸ್‌ವರ್ಡ್ ಬದಲಿಸಿದ ನೌಕರನ ಮೊಬೈಲು ಹಳೆಯ ಪಾಸ್‌ವರ್ಡನ್ನೇ ಕಳಿಸುತ್ತಾ ಕೂತರೂ ಇದೇ ಕಥೆ. ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಹಿಂದಿನ ಎರಡು ಪಾಸ್‌ವರ್ಡ್ ಬಂದರೆ ತಪ್ಪಿನ ಲೆಕ್ಕಕ್ಕೆ ಹಿಡಿಯದ ಏರ್ಪಾಡು ಇದೆ. ನಿಮ್ಮಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಲಾಕ್ ಬೇಡವೇ ಹಾಗಾದರೆ? ಬೇಕು, ಮೆತ್ತಗೆ ಬೇಕು. 15 ನಿಮಿಷದಲ್ಲಿ 10 ತಪ್ಪಾದರೆ 15 ನಿಮಿಷ ಲಾಕ್, ಆಮೇಲೆ ತಾನಾಗಿ ಬಿಡುಗಡೆ. ಈ ಲೆಕ್ಕದಲ್ಲಿ ಒಂದು ಖಾತೆಯ ಮೇಲೆ ದಿನಕ್ಕೆ 960 ಊಹೆ ಮಾತ್ರ ಸಾಧ್ಯ. ನಿಷೇಧ ಪಟ್ಟಿ ಸರಿಯಾಗಿದ್ದರೆ ಅವನ ಮೊದಲ ಹಲವು ಸಾವಿರ ಊಹೆಗಳು ಹೇಗೂ ವ್ಯರ್ಥ. ನಿಸ್ಟ್ 100 ತಪ್ಪಿನ ತನಕವೂ ಬಿಡುತ್ತದೆ, ನೆನಪಿರಲಿ. ಓಪನ್‌ಎಲ್‌ಡ್ಯಾಪ್‌ನಲ್ಲಿ ಲಾಕ್ ಅವಧಿಯನ್ನು ಸೊನ್ನೆ ಬಿಟ್ಟರೆ ಅಡ್ಮಿನ್ ಬಿಡಿಸುವ ತನಕ ಲಾಕ್ ಎಂದರ್ಥ. ತಪ್ಪು ಎಣಿಸುವ ಅವಧಿಯನ್ನು ಸೊನ್ನೆ ಬಿಟ್ಟರೆ ತಿಂಗಳ ಹಿಂದಿನ ತಪ್ಪೂ ಲೆಕ್ಕಕ್ಕೆ ಬರುತ್ತದೆ, ಸರಿಯಾದ ಲಾಗಿನ್ ಆಗುವ ತನಕ. ಎರಡಕ್ಕೂ 900 ಹಾಕಿ, ಅಲ್ಲಿ ಲೆಕ್ಕ ಸೆಕೆಂಡಿನಲ್ಲಿ.

ಮಂಡ್ಯದ ನಕಲು ಸರ್ವರ್ ಇಲ್ಲಿ ನೆನಪಿಗೆ ಬರಬೇಕು. ತಪ್ಪು ಲಾಗಿನ್‌ಗಳ ಲೆಕ್ಕವನ್ನು ನಕಲು ಸರ್ವರ್ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಮುಖ್ಯ ಸರ್ವರ್‌ಗೆ ಹೇಳುವುದಿಲ್ಲ. ಹಾಗಾಗಿ ಕೂರ್ಗಳ್ಳಿಯಲ್ಲಿ 10, ಮಂಡ್ಯದಲ್ಲಿ 10. ಕೂರ್ಗಳ್ಳಿಯಲ್ಲಿ ನೀವು ಲಾಕ್ ತೆಗೆದರೂ ಗೋದಾಮಿನವರು 'ಇನ್ನೂ ಆಗ್ತಿಲ್ಲ ಸರ್' ಅನ್ನುತ್ತಾರೆ. ಪಿಪಾಲಿಸಿಯಲ್ಲಿ ಈ ಬದಲಾವಣೆಗಳನ್ನು ಮುಖ್ಯ ಸರ್ವರ್‌ಗೆ ಮುಂದೆ ಕಳಿಸುವ ಸೆಟ್ಟಿಂಗ್ ಇದೆ, ಆನ್ ಮಾಡಿ. ಲಿಂಕ್ ಬಿದ್ದಾಗ ಏನಾಗುತ್ತದೆ ಎಂಬುದನ್ನೂ ಕೇಬಲ್ ಕಿತ್ತು ಒಮ್ಮೆ ನೋಡಿಬಿಡಿ.

ಲಾಕ್ ಹಿಡಿಯದ ದಾಳಿ ಒಂದಿದೆ. ಒಂದೇ ಪಾಸ್‌ವರ್ಡ್ ತೆಗೆದುಕೊಂಡು 1,200 ಖಾತೆಯ ಮೇಲೂ ಒಂದೊಂದು ಸಲ ಹೊಡೆಯುವುದು. ಪ್ರತಿ ಖಾತೆಗೆ ಒಂದೇ ತಪ್ಪು, ಯಾರೂ ಲಾಕ್ ಆಗುವುದಿಲ್ಲ. 'ದಸರಾ@2025' ಇಟ್ಟವರು ಸಿಕ್ಕಿಬೀಳುತ್ತಾರೆ. ನಿಷೇಧ ಪಟ್ಟಿ ಬಿಟ್ಟರೆ ಇದಕ್ಕೆ ಪಾಲಿಸಿಯಲ್ಲಿ ಮದ್ದಿಲ್ಲ, ಲಾಗ್‌ನಲ್ಲಿದೆ. ಒಂದೇ ಐಪಿಯಿಂದ ಅರ್ಧ ಗಂಟೆಯಲ್ಲಿ ಇಪ್ಪತ್ತು ಬೇರೆ ಬೇರೆ ಹೆಸರುಗಳು ವಿಫಲವಾದರೆ ಎಚ್ಚರಿಕೆ ಬರುವಂತೆ ಮಾಡಿ. ಆದರೆ ಡೈರೆಕ್ಟರಿಗೆ ಕಾಣುವುದು ಮೇಲ್ ಸರ್ವರಿನ ಐಪಿ, ಕಳ್ಳನದ್ದಲ್ಲ. ಎರಡೂ ಕಡೆಯ ಲಾಗ್ ಒಟ್ಟಿಗೆ ನೋಡಬೇಕು. ಲಾಗ್ ಹೇಗೂ ಇಡಲೇಬೇಕು: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ 180 ದಿನ. ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು ಎಂಬುದೂ ಅದರಲ್ಲೇ ಇದೆ. ಆಡಿಟರ್ ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಇದು.

ಪಾಸ್‌ವರ್ಡ್ ಹೇಗೆ ಸಂಗ್ರಹವಾಗುತ್ತದೆ ಎಂಬುದು ಪಾಲಿಸಿಯ ಭಾಗವೇ, ಯಾರೂ ಬರೆಯುವುದಿಲ್ಲ. ಓಪನ್‌ಎಲ್‌ಡ್ಯಾಪ್ ಬಿಟ್ಟರೆ ಬಿಟ್ಟಂತೆ ಎಸ್‌ಎಸ್‌ಎಚ್‌ಎ ಬಳಸುತ್ತದೆ. ಅದು ಸಾಲ್ಟ್ (ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆಯಾಗಿ ಬೆರೆಸುವ ತುಣುಕು) ಹಾಕಿದ ಒಂದೇ ಸುತ್ತಿನ ಶಾ-1 ಹ್ಯಾಶ್. ಇವತ್ತಿನ ಗ್ರಾಫಿಕ್ಸ್ ಕಾರ್ಡಿಗೆ ಅದು ಲೆಕ್ಕಕ್ಕೇ ಇಲ್ಲ. ನಿಮ್ಮ 2.5ರಲ್ಲಿ ಬೇಕೆಂದೇ ನಿಧಾನವಾಗಿ ಹ್ಯಾಶ್ ಮಾಡುವ ಆರ್ಗಾನ್2 ಮಾಡ್ಯೂಲ್ ಇದೆ, ಅದಕ್ಕೆ ಬದಲಾಯಿಸಿ. ಹಳೆಯ ಹ್ಯಾಶ್‌ಗಳು ತಾವಾಗಿ ಬದಲಾಗುವುದಿಲ್ಲ, ಜನ ಮುಂದಿನ ಸಲ ಪಾಸ್‌ವರ್ಡ್ ಬದಲಿಸಿದಾಗಲೇ. ಹಾಗಾಗಿ ಹೊಸ ಪಾಲಿಸಿ ಬಂದಾಗ ಎಲ್ಲರೂ ಒಂದು ಸಲ, ಒಂದೇ ಸಲ, ಬದಲಿಸಬೇಕು. ಪಾಳಿ ಬದಲಾಗುವ ಬೆಳಗ್ಗೆ ನೂರಾರು ಜನ ಒಟ್ಟಿಗೆ ಲಾಗಿನ್ ಆದಾಗ ಆರ್ಗಾನ್2 ಮೆಮೊರಿ ತಿನ್ನುತ್ತದೆ, ಅಳೆದು ನೋಡಿ.

ಆದರೆ ನನಗೆ ಹೆಚ್ಚು ಅನುಮಾನ ನಿಮ್ಮ ವೈಫೈ ಮೇಲೆ. ಎಲ್ಲರ ಹೆಸರು-ಪಾಸ್‌ವರ್ಡಿನಿಂದ ವೈಫೈ ನಡೆಯುತ್ತಿದೆ ಎಂದರೆ ಮಧ್ಯೆ ವೈಫೈ ಲಾಗಿನ್ ಪರೀಕ್ಷಿಸುವ ರೇಡಿಯಸ್ ಸರ್ವರ್ ಇದೆ, ಬಹುಶಃ ಪೀಪ್-ಎಂಎಸ್‌ಚಾಪ್ ವಿಧಾನ. ಈ ವಿಧಾನಕ್ಕೆ ಎಸ್‌ಎಸ್‌ಎಚ್‌ಎಯೂ ಆಗುವುದಿಲ್ಲ, ಆರ್ಗಾನ್2ವೂ ಆಗುವುದಿಲ್ಲ. ವಿಂಡೋಸ್ ಶೈಲಿಯ ಎನ್‌ಟಿ ಹ್ಯಾಶ್ ಬೇಕು. ಹಾಗಾಗಿ ಯಾರೋ ಹಿಂದೊಮ್ಮೆ ಪ್ರತಿ ಖಾತೆಯಲ್ಲೂ ಸಾಂಬಾ ಎನ್‌ಟಿ ಪಾಸ್‌ವರ್ಡ್ ಎಂಬ ಇನ್ನೊಂದು ಗುಣ (ಖಾತೆಯ ಮಾಹಿತಿ ಕಾಲಂ) ಸೇರಿಸಿರುತ್ತಾರೆ. ಅದು ಎಂಡಿ4 ಎಂಬ ಹಳೆಯ, ದುರ್ಬಲ ಹ್ಯಾಶ್, ಸಾಲ್ಟ್ ಇಲ್ಲ. ಮುಂಬಾಗಿಲಿಗೆ ಉಕ್ಕಿನ ಬೀಗ ಹಾಕಿ ಹಿತ್ತಲ ಬಾಗಿಲಿಗೆ ದಾರ ಕಟ್ಟಿದ ಹಾಗೆ. ಕಳ್ಳನಿಗೆ ಆರ್ಗಾನ್2 ಮುರಿಯುವ ಕೆಲಸವೇ ಇಲ್ಲ. ಆ ಗುಣ ಇದೆಯಾ ನೋಡಿ. ಇದ್ದರೆ ವೈಫೈಯನ್ನು ಟಿಟಿಎಲ್‌ಎಸ್-ಪ್ಯಾಪ್‌ಗೋ ಸರ್ಟಿಫಿಕೇಟ್‌ಗೋ ಬದಲಿಸಿ, ಆ ಗುಣವನ್ನು ಅಳಿಸಿ. ಅಳಿಸುವ ಮೊದಲು ಅದರಿಂದ ಒಂದು ಉಪಕಾರ ಪಡೆಯಬಹುದು. ಸಾಲ್ಟ್ ಇಲ್ಲದ್ದರಿಂದ ಒಂದೇ ಪಾಸ್‌ವರ್ಡ್ ಇರುವವರ ಹ್ಯಾಶ್ ಒಂದೇ ಇರುತ್ತದೆ. ಹೆಸರು ತೆಗೆದು, ಹ್ಯಾಶ್‌ಗಳನ್ನು ಸಾಲಾಗಿ ಜೋಡಿಸಿ ಎಣಿಸಿದರೆ ಎಷ್ಟು ಜನ ಒಂದೇ ಪಾಸ್‌ವರ್ಡ್ ಹಂಚಿಕೊಂಡಿದ್ದಾರೆ ಎಂದು ಗೊತ್ತಾಗುತ್ತದೆ. ಮ್ಯಾನೇಜ್‌ಮೆಂಟ್‌ನ ಲಿಖಿತ ಅನುಮತಿ ಪಡೆದೇ ಮಾಡಿ. ಆ ಒಂದು ಸಂಖ್ಯೆ ಹಿಡಿದು ಹೋದರೆ ಬಜೆಟ್ ಬೇಗ ಸಿಗುತ್ತದೆ.

ಇದರ ಜೊತೆಗೆ: ಟಿಎಲ್‌ಎಸ್ ಎಂಬ ಗೂಢಲಿಪಿ ರಕ್ಷಣೆ ಇಲ್ಲದ ಬೈಂಡನ್ನು ಸರ್ವರ್ ಒಪ್ಪಬಾರದು. ಪಾಸ್‌ವರ್ಡ್ ಗುಣವನ್ನು ಯಾರೂ ಓದುವಂತಿರಬಾರದು. ಸ್ಲ್ಯಾಪ್‌ಕ್ಯಾಟ್‌ನಿಂದ ತೆಗೆದ ಬ್ಯಾಕಪ್ ಫೈಲಿನಲ್ಲಿ ಎಲ್ಲ ಹ್ಯಾಶ್ ಇರುತ್ತವೆ, ಅದು ಯಾವ ಹಂಚಿಕೆ ಫೋಲ್ಡರಿನಲ್ಲಿ ಬಿದ್ದಿದೆ ನೋಡಿ. ಪಾಸ್‌ವರ್ಡ್ ಖಾಲಿ ಬಿಟ್ಟು ಹೆಸರು ಮಾತ್ರ ಕೊಟ್ಟರೆ ಕೆಲವು ಡೈರೆಕ್ಟರಿಗಳು ಅದನ್ನು ಅನಾಮಿಕ ಬೈಂಡ್ ಎಂದು 'ಯಶಸ್ವಿ' ಅನ್ನುತ್ತವೆ. ಪೋರ್ಟಲ್ ಬರೆದವರು ಇದನ್ನು ನೋಡಿರದಿದ್ದರೆ ಖಾಲಿ ಪಾಸ್‌ವರ್ಡಿಗೆ ಬಾಗಿಲು ತೆರೆಯುತ್ತದೆ. ನಿಮ್ಮ ಸರ್ವರ್ ಅದನ್ನು ಮೊದಲಿಂದಲೇ ನಿರಾಕರಿಸುತ್ತದೆ, ಯಾರಾದರೂ ಆನ್ ಮಾಡಿದ್ದಾರಾ ನೋಡಿಕೊಳ್ಳಿ ಸಾಕು.

ಎಲ್ಲರಿಗೂ ಒಂದೇ ಪಾಲಿಸಿ ಬೇಡ. ಓಪನ್‌ಎಲ್‌ಡ್ಯಾಪ್‌ನಲ್ಲಿ ಒಂದು ಸಾಮಾನ್ಯ ಪಾಲಿಸಿ ಇಟ್ಟು, ಬೇಕಾದ ಖಾತೆಗೆ ಬೇರೆ ಪಾಲಿಸಿ ತೋರಿಸಬಹುದು. ಇಆರ್‌ಪಿ, ಮೇಲ್ ಸರ್ವರ್ ಬಳಸುವ ಸರ್ವೀಸ್ ಖಾತೆಗಳಿಗೆ ಲಾಕ್ ಇರಲೇಬಾರದು. ಅದು ಲಾಕ್ ಆದರೆ ಎಲ್ಲರೂ ಹೊರಗೆ. ಬದಲಿಗೆ ಯಂತ್ರ ತಯಾರಿಸಿದ 32 ಅಕ್ಷರದ ಪಾಸ್‌ವರ್ಡ್ ಹಾಕಿ, ಆ ಸರ್ವರಿನ ಐಪಿ ಬಿಟ್ಟು ಬೇರೆ ಕಡೆಯಿಂದ ನಡೆಯದಂತೆ ಕಟ್ಟಿ, ಪ್ರತಿ ಖಾತೆಗೂ ಹೊಣೆ ಯಾರು ಅಂತ ಬರೆದಿಡಿ. ಅಡ್ಮಿನ್‌ಗಳಿಗೆ ದಿನದ ಕೆಲಸಕ್ಕೆ ಒಂದು ಖಾತೆ, ಅಡ್ಮಿನ್ ಕೆಲಸಕ್ಕೆ ಇನ್ನೊಂದು. ಅದಕ್ಕೂ ವಿಪಿಎನ್‌ಗೂ ಎರಡನೇ ಅಂಶ ಕಡ್ಡಾಯ, ಇದರಲ್ಲಿ ಚೌಕಾಸಿ ಇಲ್ಲ.

ಶಾಪ್ ಫ್ಲೋರ್ ಜನಕ್ಕೆ 15 ಅಕ್ಷರ ಹೇರಿದರೆ ಮಾನಿಟರಿಗೆ ಚೀಟಿ ಅಂಟುತ್ತದೆ. 'ಲೈನ್3' ಎಂಬ ಹೆಸರಿನ ಒಂದು ಹಂಚಿಕೆ ಖಾತೆ ಈಗಾಗಲೇ ಇರಬಹುದು, ಅಲ್ವಾ? ಅವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಹಾಜರಾತಿ, ರಜೆ ಅರ್ಜಿ, ಸಂಬಳ ಚೀಟಿ. ಮೇಲೂ ವಿಪಿಎನ್ನೂ ಬೇಡ. ಗೇಟಿನಲ್ಲಿ ತೋರಿಸುವ ಕಾರ್ಡು, ಜೊತೆಗೆ ಒಂದು ಪಿನ್, ಅದೂ ಕಾರ್ಖಾನೆಯ ಒಳಗಿನ ಕಿಯಾಸ್ಕಿನಲ್ಲಿ ಮಾತ್ರ ನಡೆಯುವಂತೆ. ಡೈರೆಕ್ಟರಿ ಪಾಸ್‌ವರ್ಡ್ ಅವರ ಕೈಗೆ ಬರಬೇಕಿಲ್ಲ. ಮ್ಯಾನೇಜ್‌ಮೆಂಟ್ ಖರ್ಚು ಅಂದರೂ ಇದಕ್ಕೇ ಹಟ ಹಿಡಿಯಿರಿ. ಗುತ್ತಿಗೆ ಕಾರ್ಮಿಕರ ಖಾತೆಗೆ ಗುತ್ತಿಗೆ ಮುಗಿಯುವ ದಿನವೇ ಕೊನೆ. 2.5ರಲ್ಲಿ ಕೊನೆಯ ಲಾಗಿನ್ ದಿನಾಂಕ ದಾಖಲಿಸುವ ಸೌಲಭ್ಯ ಇದೆ, ಬಳಸದ ಖಾತೆಗಳನ್ನು ಅದರಿಂದ ಹುಡುಕಿ ಮುಚ್ಚಿ. ಸತ್ತ ಖಾತೆಗಳನ್ನು ಮುಚ್ಚುವುದರಿಂದ ಆಗುವ ಲಾಭ 45 ದಿನದ ನಿಯಮಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಹೆಲ್ಪ್‌ಡೆಸ್ಕ್ ಬಗ್ಗೆ ಎರಡು ಮಾತು. 'ನಾನು ಇಂಥವರು, ಮೀಟಿಂಗ್‌ನಲ್ಲಿದ್ದೀನಿ, ಬೇಗ ರೀಸೆಟ್ ಮಾಡಿ' ಎಂದು ದೊಡ್ಡ ದನಿಯಲ್ಲಿ ಫೋನು ಬಂದರೆ ನಿಮ್ಮ ಹುಡುಗರು ಏನು ಮಾಡುತ್ತಾರೆ? ಉದ್ಯೋಗಿ ಸಂಖ್ಯೆ, ಹುಟ್ಟಿದ ದಿನ ಕೇಳುವುದು ಗುರುತಲ್ಲ, ಮೊದಲನೆಯದು ಕೊರಳ ಕಾರ್ಡಿನಲ್ಲೇ ಇದೆ. ದಾಖಲೆಯಲ್ಲಿರುವ ನಂಬರಿಗೆ ನಾವೇ ವಾಪಸ್ ಫೋನ್ ಮಾಡುತ್ತೇವೆ ಎಂಬುದನ್ನು ನಿಯಮವಾಗಿ ಬರೆಯಿರಿ, ಎಂಡಿ ಸಹಿ ಹಾಕಿಸಿ. ಸಹಿ ಇದ್ದರೆ ಹುಡುಗರಿಗೆ 'ಆಗಲ್ಲ ಸರ್' ಅನ್ನಲು ಧೈರ್ಯ ಬರುತ್ತದೆ.

ಜಾರಿ ಮಾಡುವಾಗ ಮೊದಲು ಐಟಿ, ಆಮೇಲೆ ಅಕೌಂಟ್ಸ್, ಹೀಗೆ ವಿಭಾಗವಾರು ಹೋಗಿ. ಸಂಬಳದ ವಾರ ಬೇಡ, ದಸರಾ ಮುಂಚಿನ ವಾರವೂ ಬೇಡ. ಹಳೆಯ ಪಾಸ್‌ವರ್ಡ್ ಮತ್ತೆ ಇಡದಂತೆ ಐದರ ನೆನಪು ಸಾಕು, ಅವಧಿಯೇ ಇಲ್ಲದ ಮೇಲೆ ಅದಕ್ಕೆ ಹೆಚ್ಚು ಕೆಲಸವಿಲ್ಲ.

ನೋಟಿಸ್ ಕನ್ನಡದಲ್ಲೂ ಹಾಕಬೇಕೇ ಎಂದಿರಿ. ಕನ್ನಡದಲ್ಲೇ ಮೊದಲು ಬರೆಯಿರಿ, ಒಂದು ಪುಟ ಮೀರದಂತೆ. ನೋಟಿಸಿಗಿಂತ ಹೆಚ್ಚಾಗಿ ಸ್ವಯಂಸೇವಾ ಪುಟದ ದೋಷ ಸಂದೇಶಗಳನ್ನು ಕನ್ನಡ ಮಾಡಿ, ಜನ ನಿಜವಾಗಿ ಓದುವುದು ಅದನ್ನು. 'ಪಾಸ್‌ವರ್ಡ್ ನೀತಿ ಉಲ್ಲಂಘನೆ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಇದರಲ್ಲಿ ಊರಿನ ಹೆಸರು ಇದೆ, ಸುಲಭವಾಗಿ ಊಹಿಸಬಹುದು. ಬೇರೆ ನಾಲ್ಕು ಪದ ಆರಿಸಿ' ಎಂದು ಬರೆಯಿರಿ. ಲಾಕ್ ಆದವರಿಗೆ '15 ನಿಮಿಷ ಬಿಟ್ಟು ನೋಡಿ, ಮೊಬೈಲಿನಲ್ಲಿ ಹಳೆಯ ಪಾಸ್‌ವರ್ಡ್ ಇದ್ದರೆ ಮೊದಲು ಬದಲಿಸಿ' ಎಂಬುದನ್ನು ಲಾಗಿನ್ ಪುಟದ ಕೆಳಗೆ ಯಾವಾಗಲೂ ಕಾಣುವಂತೆ ಹಾಕಿ. ಖಾತೆ ಲಾಕ್ ಆಗಿದೆ ಎಂದು ಸರ್ವರ್ ತಾನಾಗಿ ಹೇಳುವುದಿಲ್ಲ. ಹೇಳುವ ಸೆಟ್ಟಿಂಗ್ ಇದ್ದರೂ ಆಫ್ ಇರಲಿ, ಅದು ಕಳ್ಳನಿಗೂ ಸುಳಿವು ಕೊಡುತ್ತದೆ.